ಕೀಮೋ ಮುಗಿದ ಮೇಲಿನ ಮಂಕು ಮತ್ತು ಮೊಬೈಲಿನಲ್ಲಿ ಮಿದುಳಿನ ಅಭ್ಯಾಸ

ಭದ್ರಾವತಿ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್‌ಗೆ ಕೀಮೋ ಮುಗಿಸಿ ಬಂದವರಿಗೆ ನಮ್ಮ ಕಡೆ ಒಂದು ಮಾತು ಕಾದಿರುತ್ತದೆ. 'ಕೂದಲು ಬಂತು, ಊಟ ಸೇರ್ತಿದೆ, ಇನ್ನೇನೇ ನಿಂಗೆ?' ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಕೂದಲು ಬಂದದ್ದು ಕಣ್ಣಿಗೆ ಕಾಣುತ್ತದೆ. ತಲೆಯೊಳಗಿನ ಮಂಕು ಯಾರಿಗೂ ಕಾಣುವುದಿಲ್ಲ.

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯಲ್ಲಿ ಬಗೆಗಳಿವೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಈ ಹೆಸರುಗಳನ್ನು ಹೇಳುತ್ತಿದ್ದೆ. ಕೀಮೋ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ 'ಗೊರಬಲು' ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ಮೂಟೆ ಎದುರಿಗೇ ಇದೆ, ದರ ಗೊತ್ತು, ತಂದವರು ಯಾರೆಂದೂ ಗೊತ್ತು. ಹೆಸರು ಮಾತ್ರ ಬರುವುದಿಲ್ಲ. ಪಟ್ಟಿ ಕೂಡುವಾಗ ಯಾರಾದರೂ 'ಅಕ್ಕಾ, ಇವತ್ತು ರಾಶಿ ಎಷ್ಟಕ್ಕೆ ಹೋಯ್ತು?' ಅಂದರೆ ಮುಗಿಯಿತು, ಮತ್ತೆ ಮೊದಲಿಂದ ಕೂಡಬೇಕು. ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಬೇರೆ.

ಡಾಕ್ಟರುಗಳು ಇದಕ್ಕೆ 'ಕೀಮೋ ಬ್ರೇನ್' ಅನ್ನುತ್ತಾರೆ. ಇದು ಸೋಮಾರಿತನ ಅಲ್ಲ, ನಾಟಕ ಅಂತೂ ಅಲ್ಲವೇ ಅಲ್ಲ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನ 581 ಮಹಿಳೆಯರನ್ನೂ ಕ್ಯಾನ್ಸರ್ ಇಲ್ಲದ 364 ಮಹಿಳೆಯರನ್ನೂ ಇಟ್ಟುಕೊಂಡು ಒಂದು ಅಧ್ಯಯನ ನಡೆಯಿತು. ಅದು 2017ರಲ್ಲಿ ಪ್ರಕಟವಾಯಿತು. ಕೀಮೋ ಮುಗಿದು ಆರು ತಿಂಗಳಾದ ಮೇಲೂ ನೂರಕ್ಕೆ ಸುಮಾರು 36 ಮಂದಿ, ತಲೆ ಮೊದಲಿನ ಹಾಗೆ ಓಡುತ್ತಿಲ್ಲ ಅಂದರು. ಕ್ಯಾನ್ಸರ್ ಇಲ್ಲದವರಲ್ಲಿ ಹಾಗೆ ಅಂದವರು ನೂರಕ್ಕೆ ಸುಮಾರು 14 ಮಂದಿ. ತುಂಬಾ ಜನರಲ್ಲಿ ಇದು ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಕಾರಣ ಒಂದೇ ಅಲ್ಲ. ಔಷಧಿಯಿಂದ ಮೈಯಲ್ಲಿ ಏಳುವ ಉರಿಯೂತ ಮಿದುಳನ್ನೂ ತಟ್ಟಬಹುದು. ಮುಟ್ಟು ನಿಂತು ಹಾರ್ಮೋನ್ ಇಳಿಯುತ್ತದೆ. ಆಮೇಲೆ ಕೆಲವರು ಐದೋ ಹತ್ತೋ ವರ್ಷ ಟಾಮಾಕ್ಸಿಫೆನ್‌ನಂಥ, ಹಾರ್ಮೋನ್ ತಡೆಯುವ ಮಾತ್ರೆ ನುಂಗಬೇಕು, ರಾತ್ರಿಯೆಲ್ಲಾ ಮೈ ಬಿಸಿಯಾಗಿ ನಿದ್ದೆ ಇಲ್ಲ. ಹೆದರಿಕೆ ಅಂತೂ ಇದ್ದೇ ಇದೆ. ಕೆಲವರಿಗೆ ಕೀಮೋ ಶುರುವಾಗುವ ಮೊದಲೇ ಈ ಮಂಕು ಕಾಣಿಸಿಕೊಂಡಿರುವುದೂ ಉಂಟು.

ಆದ್ದರಿಂದ ಮಿದುಳಿನ ಅಭ್ಯಾಸಕ್ಕೆ ಅಂತ ಮೊಬೈಲ್ ಹಿಡಿಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಇದರಲ್ಲಿ ಒಂದು ಕಡಿಮೆ ಇದ್ದರೂ ತಲೆ ಮಂಕಾಗುತ್ತದೆ, ಅದಕ್ಕೆ ಸರಿಯಾದ ಔಷಧಿಯೂ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮುಂದಿನ ತಪಾಸಣೆಗೆ ಹೋಗುವವರು, ಇಲ್ಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸುವವರು, ಡಾಕ್ಟರ ಎದುರು ಇದನ್ನು ಬಾಯಿಬಿಟ್ಟು ಹೇಳಿ. ಗಡ್ಡೆಯ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಟ್ಟು ನಾವು ಎದ್ದು ಬಂದುಬಿಡುತ್ತೇವೆ, ಅಲ್ವಾ? ಮನಸ್ಸು ಕುಗ್ಗಿದೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಮಾಡುವ ಮಿದುಳಿನ ಅಭ್ಯಾಸಕ್ಕೆ ಬರೋಣ.

ನಾನು ಮಾಡಿದ ಒಂದು ಅಭ್ಯಾಸ ಹೀಗಿದೆ. ಪರದೆಯ ನಡುವೆ ಒಂದು ವಾಹನ ಮಿಂಚಿ ಮಾಯವಾಗುತ್ತದೆ, ಕಾರೋ ಲಾರಿಯೋ. ಅದೇ ಕ್ಷಣ ಅಂಚಿನಲ್ಲೆಲ್ಲೋ ಒಂದು ರಸ್ತೆ ಫಲಕ. ನಡುವೆ ಬಂದದ್ದು ಯಾವ ವಾಹನ, ಫಲಕ ಯಾವ ಮೂಲೆಯಲ್ಲಿತ್ತು, ಎರಡನ್ನೂ ಒತ್ತಿ ತೋರಿಸಬೇಕು. ಸರಿಯಾದರೆ ಮುಂದಿನ ಸಲ ಇನ್ನೂ ಬೇಗ ಮಾಯ. ತಪ್ಪಿದರೆ ಕೊಂಚ ನಿಧಾನ. ನಮ್ಮ ಕೈಗೆ ಎಟುಕಿಯೂ ಎಟುಕದ ಹಾಗೆ ಅದು ಓಡುತ್ತಲೇ ಇರುತ್ತದೆ. ಇಂಥ ಅಭ್ಯಾಸದ ಗುಟ್ಟೇ ಇದು. ಸುಲಭವಾದರೆ ಪ್ರಯೋಜನವಿಲ್ಲ, ತೀರಾ ಕಷ್ಟವಾದರೆ ಬಿಟ್ಟುಬಿಡುತ್ತೇವೆ.

ಇಲ್ಲೊಂದು ಸಣ್ಣ ವಿಷಯ ಯಾರೂ ಹೇಳುವುದಿಲ್ಲ. ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ಹಾಕಿಸಿಕೊಂಡವರಿಗೆ ಬೆರಳ ತುದಿ ಜೋಮು ಹಿಡಿದಿರುವುದು ಸಾಮಾನ್ಯ. ನನಗೂ ಹಾಗೇ ಇತ್ತು. ಕಣ್ಣು ನೋಡಿರುತ್ತದೆ, ತಲೆಗೆ ಗೊತ್ತಾಗಿರುತ್ತದೆ, ಬೆರಳು ಮಾತ್ರ ಪಕ್ಕದಲ್ಲಿ ಒತ್ತಿರುತ್ತದೆ. ಅಂಕ ಕಡಿಮೆ ಬಂತು ಅಂತ ಅಳಬೇಡಿ, ದೊಡ್ಡ ಪರದೆ ಹಿಡಿಯಿರಿ.

ಕೆಲಸ ಮಾಡುತ್ತದೆಯೇ? ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 41 ಮಹಿಳೆಯರಿದ್ದರು. ಮನೆಯಲ್ಲೇ ಕೂತು 12 ವಾರ, ಒಟ್ಟು 48 ಪಾಠ. ಅಭ್ಯಾಸ ಮಾಡಿದವರಲ್ಲಿ ಯೋಚನೆಯ ವೇಗ, ಪದ ಹುಡುಕುವ ಶಕ್ತಿ ಸುಧಾರಿಸಿತು. ಒಳ್ಳೆಯದೇ. ಆದರೆ ಗುಂಪು ಚಿಕ್ಕದು. ಉಳಿದ ಅರ್ಧ ಮಂದಿ ಏನೂ ಮಾಡದೆ ತಮ್ಮ ಸರದಿಗೆ ಕಾಯುತ್ತಿದ್ದವರು. ಆಮೇಲೆ ಆಸ್ಟ್ರೇಲಿಯಾದಲ್ಲಿ 242 ಜನರ ಮೇಲೆ ದೊಡ್ಡ ಅಧ್ಯಯನ ಆಯಿತು, ಹೆಚ್ಚಿನವರು ಸ್ತನ ಕ್ಯಾನ್ಸರ್‌ನವರೇ. 15 ವಾರದ ಅಭ್ಯಾಸ. ಅವರೆಲ್ಲರೂ ಕೀಮೋ ಮುಗಿಸಿ, ತಲೆ ಓಡುತ್ತಿಲ್ಲ ಅನ್ನುತ್ತಿದ್ದವರು. ಅಭ್ಯಾಸ ಮಾಡಿದವರು 'ನಮಗೆ ಈಗ ವಾಸಿ' ಅಂದರು, ಆರು ತಿಂಗಳ ನಂತರವೂ ಅದನ್ನೇ ಅಂದರು. ಆದರೆ ಪರೀಕ್ಷೆ ಇಟ್ಟು ಅಳೆದಾಗ ಅಭ್ಯಾಸ ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಕೇಳಿ 'ಹಾಗಾದರೆ ಸುಮ್ನೆ ಭ್ರಮೆ' ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನ ದೂಡುವವಳು ಅವಳು, ವಾಸಿ ಅನ್ನಿಸಿದರೆ ಅದಕ್ಕೂ ಬೆಲೆ ಇದೆ. ಆದರೆ 'ಮಿದುಳು ಹೊಸದಾಗುತ್ತದೆ, ವರ್ಷದ ಚಂದಾ ಕಟ್ಟಿ' ಅನ್ನುವ ಜಾಹೀರಾತನ್ನೂ ನಾನು ನಂಬುವುದಿಲ್ಲ. ಲುಮೋಸಿಟಿ ಅನ್ನುವ ಹೆಸರಾಂತ ಆ್ಯಪ್‌ನವರು ಜಾಹೀರಾತಿನಲ್ಲಿ ಆಧಾರವಿಲ್ಲದ ಮಾತಾಡಿದರು ಅಂತ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ದೂರು ಹಾಕಿತು. 2016ರಲ್ಲಿ ಅವರು 20 ಲಕ್ಷ ಡಾಲರ್ ಕಟ್ಟಿ ರಾಜಿಯಾದರು. ಆದ್ದರಿಂದ ಮೊದಲು ಪುಕ್ಕಟೆ ಸಿಗುವಷ್ಟನ್ನು ಮಾಡಿ ನೋಡಿ. ಕೀಮೋ, ಆಪರೇಷನ್ ಅಂತ ಕೈ ಖಾಲಿಯಾಗಿರುವ ಹೊತ್ತಿನಲ್ಲಿ ಚಂದಾ ಕಟ್ಟಲೇಬೇಕೆಂದಿಲ್ಲ.

ಫಲ ಅಳೆಯಬೇಕಾದ್ದು ಅಡುಗೆಮನೆಯಲ್ಲಿ, ಅಂಕದಲ್ಲಿ ಅಲ್ಲ. ಆಟ ಆಡುತ್ತಾ ಆಡುತ್ತಾ ಆಟ ಬಂದೇ ಬರುತ್ತದೆ. ಶುರು ಮಾಡುವ ದಿನವೇ, ನಿಮಗೆ ಕಷ್ಟವಾಗಿರುವ ಎರಡು ಮೂರು ಕೆಲಸ ಬರೆದಿಡಿ. ಕಡುಬು ಬೇಯಲು ಇಟ್ಟು, ಪಕ್ಕದ ಒಲೆಯ ಸಾರನ್ನೂ ಗಮನಿಸುವುದು. ಸಂಘದ ಸಭೆಯಲ್ಲಿ ಮಾತಿನ ಎಳೆ ತಪ್ಪದೆ ಕೂರುವುದು. ಎರಡು ತಿಂಗಳಾದ ಮೇಲೆ ಆ ಚೀಟಿ ತೆಗೆದು ನೋಡಿ. ಏನೂ ಬದಲಾಗಿಲ್ಲವೇ? ಆ್ಯಪ್ ಅಳಿಸಿಹಾಕಿ, ಪಾಪ ಏನೂ ಬರುವುದಿಲ್ಲ. ನನ್ನ ವಿಷಯ ಹೇಳುವುದಾದರೆ, ಪಟ್ಟಿ ಕೂಡುವುದು ಮೊದಲಿಗಿಂತ ಸಲೀಸಾಗಿದೆ. ಅಡಿಕೆಯ ಹೆಸರುಗಳಿಗೆ ಮಾತ್ರ, ಮೇಜಿನ ಎದುರು ಅಂಟಿಸಿದ ಚೀಟಿಯೇ ಆ್ಯಪ್‌ಗಿಂತ ಜಾಸ್ತಿ ಉಪಕಾರ ಮಾಡಿದ್ದು. ಚೀಟಿ, ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ, ಇವೆಲ್ಲ ನಾಚಿಕೆಯ ವಿಷಯ ಅಲ್ಲ. ಇದನ್ನೇ ಕ್ರಮವಾಗಿ ಕಲಿಸುವ ಚಿಕಿತ್ಸೆಗಳೂ ಇವೆ.

ಇನ್ನು ನಮ್ಮ ಊರಿನ ಕಷ್ಟ. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಕತೆ ನಿಮಗೆ ನಾನು ಹೇಳಬೇಕಾ! ಆಷಾಢದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರೇ ಬಲ್ಲ. ಹೆಚ್ಚಿನ ಕಾರ್ಯಕ್ರಮಗಳು ಇಂಗ್ಲಿಷಿನಲ್ಲೇ ಇವೆ. ಪದಗಳ ಅಭ್ಯಾಸ ಇಂಗ್ಲಿಷಿನಲ್ಲಿದ್ದರೆ ಅದು ನಮ್ಮ ಇಂಗ್ಲಿಷಿನ ಪರೀಕ್ಷೆಯಾಗುತ್ತದೆಯೇ ಹೊರತು ತಲೆಯದ್ದಲ್ಲ. ಚಿತ್ರ, ಆಕಾರ, ಸದ್ದು ಇರುವುದನ್ನು ಆರಿಸಿ. ಪದಕ್ಕೆ ಪತ್ರಿಕೆಯ ಪದಬಂಧ ಸಾಕು. ನೆಟ್ ಇಲ್ಲದ ದಿನ ಚೌಕಾಬಾರ ಹಾಕಿ ಕೂರಿ. ಅದರಿಂದ ಮಂಕು ಹೋಗುತ್ತದೆ ಅಂತ ಸಂಶೋಧನೆ ತೋರಿಸಿ ನಾನು ಹೇಳಲಾರೆ, ಎದುರಿಗೊಬ್ಬರು ಕೂತು ನಗಿಸುತ್ತಾರೆ ಅಂತ ಹೇಳಬಲ್ಲೆ. ಡಾಕ್ಟರು ಒಪ್ಪಿದರೆ ದಿನಾ ತೋಟದ ಕಡೆ ಬಿರುಸಾಗಿ ಒಂದು ಸುತ್ತು ನಡೆಯಿರಿ. ಸುಸ್ತಿಗೆ, ನಿದ್ದೆಗೆ, ಮನಸ್ಸಿಗೆ ನಡಿಗೆಯಿಂದ ಒಳ್ಳೆಯದಾಗುತ್ತದೆ.

ಅಭ್ಯಾಸಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಕೊಯ್ಲಿನ ಕಾಲದಲ್ಲಿ ಚಪ್ಪರದ ಕೆಲಸ ಮುಗಿಸಿ, ರಾತ್ರಿ ತೂಕಡಿಸುತ್ತಾ ಮಾಡಿದರೆ ಬೇಸರ ಒಂದೇ ಲಾಭ. ಅರ್ಧ ಗಂಟೆ ಸಾಕು, ವಾರದಲ್ಲಿ ನಾಲ್ಕು ದಿನ.

ಮನೆಯವರಿಗೆ ಒಂದು ಮಾತು. ಪಕ್ಕದಲ್ಲಿ ಕೂತು 'ಅಮ್ಮಾ ಅದಲ್ಲ, ಇದು' ಅಂತ ನೀವೇ ಒತ್ತಬೇಡಿ. ಆ ಅರ್ಧ ಗಂಟೆ ಒಲೆ ನೀವು ನೋಡಿಕೊಳ್ಳಿ. ಇದ್ದಕ್ಕಿದ್ದಂತೆ ಅವರ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಬಿಡದ ತಲೆನೋವು ಬಂದರೆ, ಫಿಟ್ಸ್ ಆದರೆ, 'ಕೀಮೋದ ಮಂಕು' ಅಂತ ಸುಮ್ಮನಿರಬೇಡಿ. ಅದು ಬೇರೆ ಏನೋ ಆಗಿರಬಹುದು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.