ಮಳೆಗಾಲದಲ್ಲಿ ಟ್ರಯಥ್ಲಾನ್ ತಯಾರಿ

ಕೇಳುಗರಿಗೆ ನಮಸ್ಕಾರ.

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಬಿಡುವಿಲ್ಲ. ಇದು ಟ್ರಯಥ್ಲಾನ್. ಇದರ ಉದ್ದದ ಸ್ಪರ್ಧೆ ಐರನ್‌ಮ್ಯಾನ್ 1978ರಲ್ಲಿ ಹವಾಯಿಯಲ್ಲಿ ಶುರುವಾಯಿತು. ಅವತ್ತು ಹೊರಟವರು 15 ಜನ, ಮುಗಿಸಿದವರು 12. ಪೂರ್ತಿ ದೂರ ಅಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಹೊಸಬರು ಹೆಚ್ಚಾಗಿ ಇದರ ಅರ್ಧದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ನಮಗೆ ಹತ್ತಿರದ್ದು ಗೋವಾ. ಈ ಅರ್ಧ ದೂರದ ಸ್ಪರ್ಧೆ, ಐರನ್‌ಮ್ಯಾನ್ 70.3, ಅಲ್ಲಿಗೆ ಬಂದದ್ದು 2019ರಲ್ಲಿ. 70.3 ಮೈಲಿ, ಅಂದರೆ 113 ಕಿಲೋಮೀಟರ್. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

"ಮಂಗಳೂರಿನವರಿಗೇನು, ಕಡಲು ಪಕ್ಕದಲ್ಲೇ ಇದೆಯಲ್ಲ" ಅಂತ ಬೆಂಗಳೂರಿನ ಗೆಳೆಯರು ಹೇಳುವುದುಂಟು. ಇದೆ, ಇಲ್ಲ ಅಂದವರು ಯಾರು? ಆದರೆ ಗೋವಾದ ಸ್ಪರ್ಧೆ ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ. ಗಟ್ಟಿ ತಯಾರಿ ಆಗಬೇಕಾದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ನಮ್ಮ ಕಡಲು ಹೇಗಿರುತ್ತದೆ? ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಪಣಂಬೂರಿನಲ್ಲಾಗಲಿ ತಣ್ಣೀರುಬಾವಿಯಲ್ಲಾಗಲಿ ನೀರಿಗಿಳಿಯಲು ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ ಕಡಲೂರಿನವರೂ ಈಜುಕೊಳದಲ್ಲೇ ಗೋಡೆಯಿಂದ ಗೋಡೆಗೆ ಹೋಗಿ ಬರಬೇಕು.

ಸೈಕಲ್ ಕತೆಯೂ ಅಷ್ಟೇ. ಜೋರು ಮಳೆಗೆ ಹೆದ್ದಾರಿಯಲ್ಲಿ ನೀರು ಯಾವುದು, ಗುಂಡಿ ಯಾವುದು ಗೊತ್ತಾಗುವುದಿಲ್ಲ. ಹಿಂದಿನ ಚಕ್ರವನ್ನು ಟ್ರೈನರ್ ಎಂಬ ಸ್ಟ್ಯಾಂಡಿಗೆ ಸಿಕ್ಕಿಸಿ ಮನೆಯ ಜಗಲಿಯಲ್ಲೇ ಗಂಟೆಗಟ್ಟಲೆ ತುಳಿದೆ. ಬೇಜಾರಿನ ಕೆಲಸ, ಸುಳ್ಳು ಯಾಕೆ ಹೇಳಲಿ. ಅಮ್ಮ ಒಳಗಿಂದ ಬಂದು, "ಎಲ್ಲಿಗೆ ಮುಟ್ಟಿದೆ ಮಗಾ, ಉಡುಪಿಗಾ, ಕುಂದಾಪುರಕ್ಕಾ?" ಅಂತ ಕೇಳುತ್ತಿದ್ದರು.

ಮಳೆ ಬಿಟ್ಟ ಮೇಲೆ ಕಡಲು. ಅಲ್ಲಿ ಕೊಳದ ವಿದ್ಯೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ನೀರಿನಡಿಯಲ್ಲಿ ಗೆರೆ ಇಲ್ಲ, ಮಣ್ಣುಬಣ್ಣದ ನೀರಲ್ಲಿ ಸ್ವಂತ ಕೈಯೇ ಕಾಣುವುದಿಲ್ಲ. ಆಗಾಗ ಕಣ್ಣು ಮಾತ್ರ ಮೇಲೆತ್ತಿ ಗುರಿ ನೋಡಬೇಕು. ಅದೂ ಅಲೆಯ ನೆತ್ತಿಯಲ್ಲಿ ಇರುವಾಗಲೇ. ತಗ್ಗಿನಲ್ಲಿ ನೋಡಿದರೆ ಸುತ್ತ ನೀರು ಬಿಟ್ಟು ಬೇರೇನೂ ಇಲ್ಲ. ಗುರಿಗೆ ಏನನ್ನು ಇಟ್ಟುಕೊಳ್ಳುವುದು? ದೂರದಲ್ಲಿ ಲಂಗರು ಹಾಕಿದ ಹಡಗು ಚೆನ್ನಾಗಿ ಕಾಣುತ್ತದೆ, ಆದರೆ ಗಾಳಿಗೆ, ಸೆಳೆತಕ್ಕೆ ಅದು ಲಂಗರಿನ ಸುತ್ತ ತಿರುಗುತ್ತಾ ಇರುತ್ತದೆ. ದಡದ ಗಾಳಿಮರಗಳೆಲ್ಲ ಒಂದೇ ಥರ. ನೀರಿನ ಟ್ಯಾಂಕೋ ಮೊಬೈಲ್ ಟವರೋ ಸಿಕ್ಕಿದರೆ ನಮ್ಮ ಪುಣ್ಯ. ಒಂದು ಮಾತು: ಎಷ್ಟೇ ಈಜು ಬರಲಿ, ಒಬ್ಬರೇ ಇಳಿಯಬೇಡಿ. ಜೀವರಕ್ಷಕರಿಗೆ ಹೇಳಿಯೇ ಇಳಿಯಿರಿ.

ಇನ್ನು ನಮ್ಮ ಸೆಕೆ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಇಲ್ಲಿಯ ಗಾಳಿಯಲ್ಲೇ ಅಷ್ಟು ನೀರಿರುವಾಗ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿದು ಹೋಗುತ್ತದೆ. ಎಷ್ಟು ಹೋಯಿತು ಅಂತ ತಿಳಿಯುವುದು ಸುಲಭ. ಒಂದು ಗಂಟೆ ಓಡುವ ಮೊದಲು ತೂಕ ನೋಡಿ, ಓಡಿ ಬಂದು ಮೈ ಒರೆಸಿ ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು. ಸೀಯಾಳ ಕುಡಿದರೆ ಸಾಕು ಅನ್ನುವವರು ನಮ್ಮಲ್ಲಿ ಜಾಸ್ತಿ. ಆದರೆ ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪಿನ ಅಂಶ. ಸೀಯಾಳದಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ. ಬರೀ ನೀರನ್ನೇ ಸಿಕ್ಕಾಪಟ್ಟೆ ಕುಡಿದರೂ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ಉದ್ದದ ತಾಲೀಮಿನ ದಿನ ನಾನು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಬಾಟಲಿಯಲ್ಲಿ ಒಯ್ಯುತ್ತಿದ್ದೆ. ಅಂಗಡಿಯ ದುಬಾರಿ ಎನರ್ಜಿ ಜೆಲ್‌ಗಿಂತ ಹೊಟ್ಟೆಗೆ ಅದೇ ಹಿತವಾಗಿತ್ತು ಮಾರಾಯ್ರೇ.

ಹೊಸಬರು ಹೆದರುವುದು ಈಜಿಗೆ. ನನ್ನ ಪ್ರಕಾರ ಸ್ಪರ್ಧೆ ಕೆಡುವುದು ಸೈಕಲ್‌ನಲ್ಲಿ. ಅಲ್ಲಿ ಮಾಡಿದ ಸಾಲವನ್ನು ಓಟದಲ್ಲಿ ಬಡ್ಡಿ ಸಮೇತ ತೀರಿಸಬೇಕು. ಇನ್ನೊಬ್ಬರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. 12 ಮೀಟರ್ ಅಂತರ ಬಿಡಲೇಬೇಕು, ಇಲ್ಲದಿದ್ದರೆ ದಂಡವಾಗಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅದಕ್ಕೇ ಮರವಂತೆ ಕಡೆ ಸೈಕಲ್ ಹೊಡೆಯುವಾಗ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ ಇರುವ ಆ ರಸ್ತೆಯಲ್ಲಿ, ಎದುರುಗಾಳಿಗೆ ಗೇರ್ ಇಳಿಸಿ ನಿಧಾನಕ್ಕೆ ತುಳಿಯುವುದನ್ನು ಕಲಿತೆ. ಇಳಿದ ಕೂಡಲೇ ಶೂ ಬದಲಿಸಿ ಓಡುವುದು. ಮೊದಲ ಹತ್ತು ನಿಮಿಷ ಕಾಲು ನಮ್ಮದೇ ಅನಿಸುವುದಿಲ್ಲ. ಅದು ಅಭ್ಯಾಸದಿಂದಲೇ ಸರಿಹೋಗಬೇಕು.

ಗೋವಾದಲ್ಲಿ ಈಜು ಮುಗಿಸಿ ಬಂದವನು ಮೊದಲು ಕಾಲು ತೊಳೆದೆ. ಅದಕ್ಕೆಂದೇ ಸೈಕಲ್ ಬಳಿ ಒಂದು ಬಾಟಲಿ ನೀರು ಇಟ್ಟಿದ್ದೆ. ಬೆರಳ ಸಂದಿಯ ಮರಳು ಕಾಲುಚೀಲದೊಳಗೆ ಉಳಿದರೆ 21 ಕಿಲೋಮೀಟರ್ ಓಟಕ್ಕೆ ಬೊಕ್ಕೆ ಗ್ಯಾರಂಟಿ. ಸೈಕಲ್‌ನಲ್ಲಿ ಎಷ್ಟೋ ಜನ ನನ್ನನ್ನು ದಾಟಿ ಹೋದರು, ಹೋಗಲಿ ಅಂತ ಬಿಟ್ಟೆ. ಅವರಲ್ಲಿ ಕೆಲವರು ಓಟದಲ್ಲಿ ಸಿಕ್ಕಿದರು, ನಡೆಯುತ್ತಾ ಇದ್ದರು. ನಾನೂ ನಡೆದೆ, ನೀರಿನ ಮೇಜು ಬಂದಲ್ಲಿ ಮಾತ್ರ. ಕುಡಿದು, ತಲೆಗೆ ಸುರಿದುಕೊಂಡು ಮತ್ತೆ ಓಡಿದೆ. ಗಡುವಿಗೆ ಮುಂಚೆ ಮುಗಿಯಿತು.

ನಿಮಗೂ ಆಸೆ ಇದ್ದರೆ ಮಳೆ ಶುರುವಾಗುವ ಮೊದಲೇ ಈಜುಕೊಳಕ್ಕೆ ಹೆಸರು ಕೊಡಿ. ಬೇಸಿಗೆ ರಜೆಯ ಮಕ್ಕಳ ಗಲಾಟೆ ಮುಗಿದ ಮೇಲೆ ಬೆಳಗ್ಗಿನ ಹೊತ್ತು ಜಾಗ ಆರಾಮಾಗಿ ಸಿಗುತ್ತದೆ. ನಮಸ್ಕಾರ.