ಗಾಳಿಗೆ ಎರಡು ಬಾಗಿಲು

ಕೇಳುಗರಿಗೆಲ್ಲ ನಮಸ್ಕಾರ. ನಾನು 26 ವರ್ಷದಿಂದ ಪ್ಯಾನಲ್ ಬೋರ್ಡ್, ಅಂದರೆ ಮೋಟಾರು ನಡೆಸುವ ಕರೆಂಟಿನ ಸಾಮಾನೆಲ್ಲ ಇರುವ ಪೆಟ್ಟಿಗೆ ಕಟ್ಟುವವನು, ಕೆಟ್ಟರೆ ರಿಪೇರಿ ಮಾಡುವವನು. ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ರೈಸ್ ಮಿಲ್ಲು, ಎಣ್ಣೆ ಮಿಲ್ಲು, ಮಂಡಕ್ಕಿ ಭಟ್ಟಿಗಳಿಂದ ಬೇಸಿಗೆ ಬಂತೆಂದರೆ ಒಂದೇ ಥರದ ಫೋನು. "ಡ್ರೈವ್ ಟ್ರಿಪ್ ಆಗ್ತೈತೆ, ಇನ್ನೊಂದು ಫ್ಯಾನ್ ಹಾಕಿ ಹೋಗ್ರಿ." ಡ್ರೈವ್ ಅಂದರೆ ಪ್ಯಾನಲ್ಲಿನ ಒಳಗಿದ್ದು ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ. ಬಿಸಿ ಜಾಸ್ತಿ ಆದರೆ ತಾನೇ ನಿಂತುಬಿಡುತ್ತದೆ, ಅದೇ ಟ್ರಿಪ್. ಇವತ್ತು ಆ ಬಿಸಿಯನ್ನು ಹೊರಗೆ ಹಾಕುವ ಫ್ಯಾನಿನ ಮಾತು.

ನಮ್ಮ ಕಡೆ ಹಳೇ ಮಾಳಿಗೆ ಮನೆ ನೋಡಿದವರಿಗೆ ಇದನ್ನು ಹೇಳೋದು ಸುಲಭ. ಒಲೆಯ ಮೇಲೆ ಮಾಳಿಗೆಯಲ್ಲಿ ಒಂದು ಗವಾಕ್ಷಿ ಇರುತ್ತಿತ್ತು, ಹೊಗೆ ಹೋಗೋದಕ್ಕೆ. ಆದರೆ ಹಿತ್ತಲ ಬಾಗಿಲು ಹಾಕಿಬಿಟ್ಟರೆ? ಗವಾಕ್ಷಿ ಇದ್ದೂ ಹೊಗೆ ಒಳಗೇ ಸುತ್ತುತ್ತಿತ್ತು. ಒಲೆ ಮುಂದೆ ಕೂತ ಅಜ್ಜಿ ಕೆಮ್ಮುತ್ತಾ "ಬಾಗ್ಲು ತೆಗೀರೋ" ಅಂತ ಕೂಗುತ್ತಿದ್ದರು. ನಿಮ್ಮ ಪ್ಯಾನಲ್ ಬೋರ್ಡ್ ಕೂಡ ಅದೇ ಮನೆ. ಗಾಳಿಗೆ ಎರಡು ಬಾಗಿಲು ಬೇಕು. ಬರೋದು ಕೆಳಗಿನಿಂದ, ಹೋಗೋದು ಮೇಲಿನಿಂದ, ಅದೂ ಎದುರು ಬದಿಯಲ್ಲಿ. ಫ್ಯಾನ್ ಯಾವುದು, ಎಷ್ಟು ಅನ್ನೋದೆಲ್ಲ ಆಮೇಲೆ.

ಒಂದು ರೈಸ್ ಮಿಲ್ಲಿನ ಕಥೆ ಹೇಳುತ್ತೇನೆ. ಯಾವ ಊರು ಅಂತ ಕೇಳಬೇಡಿ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಸಾಹುಕಾರರ ಫೋನು: "ಏನ್ರೀ ಇದು, ಮೂರು ಫ್ಯಾನ್ ಹಾಕ್ಸೀನಿ, ಇನ್ನೂ ಟ್ರಿಪ್ ಆಗ್ತೈತಲ್ರೀ!" ಹೋಗಿ ನೋಡಿದೆ. ಆಳೆತ್ತರದ ಪ್ಯಾನಲ್. ತಲೆಯ ಹತ್ತಿರ ಮೂರೂ ಫ್ಯಾನು ಸಾಲಾಗಿ, ಜಾತ್ರೆಯ ಬಳೆ ಅಂಗಡಿ ಥರ. ಇಲಿ ಬರುತ್ತವೆ ಅಂತ ಕೆಳಗಿನ ಕಿಂಡಿಗಳನ್ನೆಲ್ಲ ಎಂ-ಸೀಲ್ ಹಾಕಿ ಮುಚ್ಚಿದ್ದಾರೆ. ಮೂರು ಫ್ಯಾನಿನಲ್ಲಿ ಎರಡು ಗಾಳಿಯನ್ನು ಹೊರಗೆ ಎಳೆಯುತ್ತಿವೆ, ನಡುವಿನದನ್ನು ಫಿಟ್ಟರ್ ತಿರುವುಮುರುವಾಗಿ ಕೂರಿಸಿದ್ದಾನೆ, ಅದು ಒಳಗೆ ಊದುತ್ತಿದೆ.

ಬಾಯಲ್ಲಿ ಹೇಳಿದರೆ ಸಾಹುಕಾರರು ಒಪ್ಪುವವರಲ್ಲ. ಗಲ್ಲಾ ಪೆಟ್ಟಿಗೆ ಹತ್ತಿರ ಗಣಪತಿ ಫೋಟೋ ಮುಂದೆ ಊದುಬತ್ತಿ ಉರಿಯುತ್ತಿತ್ತು. ಅದನ್ನೇ ತಂದೆ. ಅವತ್ತು ಮಿಲ್ಲು ನಿಂತಿತ್ತು, ಧೂಳು ಹಾರುತ್ತಿರಲಿಲ್ಲ. ತೌಡಿನ ಧೂಳು ಇರುವಾಗ ಬೆಂಕಿ ಹತ್ತಿರ ತರಲೇಬೇಡಿ. ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಊದುಬತ್ತಿಯನ್ನು ಪ್ಯಾನಲ್ಲಿನ ಬುಡದಲ್ಲಿ ಹಿಡಿದೆ. ಹೊಗೆ ಅಲ್ಲಾಡಲಿಲ್ಲ, ನೆಟ್ಟಗೆ ಮೇಲೆ ಹೋಯಿತು. ಆಮೇಲೆ ಮೇಲಕ್ಕೆ, ಮೊದಲನೇ ಫ್ಯಾನಿನ ಮುಂದೆ ಹಿಡಿದೆ. ಹೊಗೆ ಹೊರಗೆ ನೂಕಿಸಿಕೊಂಡಿತು, ಒಂದು ಗೇಣು ದೂರ ಹೋಯಿತು, ಹಾಗೇ ತಿರುಗಿ ಪಕ್ಕದ ಫ್ಯಾನಿಗೆ ನುಗ್ಗಿತು! ಸಾಹುಕಾರರು ಕನ್ನಡಕ ತೆಗೆದು ನೋಡಿದರು. "ಅಲಲಾ, ಇಲ್ಲೇ ಗಿರಕಿ ಹೊಡೀತೈತಲ್ರೀ!" ಹೌದು, ಅಲ್ಲೇ ಗಿರಕಿ. ಡ್ರೈವ್ ಇದ್ದದ್ದು ಎರಡಡಿ ಕೆಳಗೆ. ಅದಕ್ಕೆ ಈ ಗಾಳಿಯ ಸುದ್ದಿಯೇ ಇಲ್ಲ.

ಕರೆಂಟ್ ತೆಗೆಸಿದೆ. ಕಬ್ಬಿಣದ ಚೂರು ಒಳಗೆ ಬೀಳದ ಹಾಗೆ ಡ್ರೈವಿಗೆ ಬಟ್ಟೆ ಹೊದಿಸಿದೆ. ಎಡಗಡೆ ಕೆಳಗೆ ಒಂದು ಕಿಂಡಿ ಕೊರೆದು ಫಿಲ್ಟರ್ ಸಮೇತ ಒಂದೇ ಒಂದು ಫ್ಯಾನ್ ಕೂರಿಸಿದೆ, ಒಳಗೆ ಊದುವ ಹಾಗೆ. ಬಲಗಡೆ ಮೇಲೆ ಒಂದು ಜಾಲರಿ. ಉಳಿದ ತೂತುಗಳನ್ನೆಲ್ಲ ತಗಡಿನಿಂದ ಮುಚ್ಚಿದೆ. ಆ ಬೇಸಿಗೆ ಟ್ರಿಪ್ ಆಗಲಿಲ್ಲ. ಉಳಿದ ಎರಡರಲ್ಲಿ ಒಂದು ಫ್ಯಾನು ಈಗಲೂ ಆಫೀಸಿನ ಕಿಟಕಿಯಲ್ಲಿ ಗುಮಾಸ್ತರ ಬೆನ್ನಿಗೆ ಗಾಳಿ ಹಾಕುತ್ತಿದೆ.

ಕಥೆಯಲ್ಲೇ ಸಮಯ ಜಾಸ್ತಿ ಹೋಯಿತು, ಇನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಫ್ಯಾನ್ ಯಾಕೆ ಒಳಗೆ ಊದಬೇಕು? ಹೊರಗೆ ಎಳೆದರೆ ಕೇಬಲ್ ತೂತು, ಬಾಗಿಲ ಸಂದು, ಎಲ್ಲ ಕಡೆಯಿಂದಲೂ ಹೊಟ್ಟು, ಧೂಳು ಒಳಗೆ ಬರುತ್ತದೆ. ಒಳಗೆ ಊದಿದರೆ ಬರುವ ಗಾಳಿ ಫಿಲ್ಟರ್ ದಾಟಿಯೇ ಬರಬೇಕು. ಫ್ಯಾನಿಗೂ ತಣ್ಣನೆ ಗಾಳಿ ಸಿಗುತ್ತದೆ, ಬಾಳಿಕೆ ಜಾಸ್ತಿ. ಯಾವ ಕಡೆ ಊದುತ್ತದೆ ಅಂತ ತಿಳಿಯಲು ಸುಮಾರು ಫ್ಯಾನುಗಳ ಮೈಮೇಲೆ ಬಾಣದ ಗುರುತು ಇರುತ್ತದೆ. ನೋಡಿ ಕೂರಿಸಿ, ಅಷ್ಟೆ!

ಎಷ್ಟು ದೊಡ್ಡದು ಬೇಕು? 7.5 ಕಿಲೋವ್ಯಾಟ್ ಡ್ರೈವ್ ಅಂದುಕೊಳ್ಳಿ. ಅದರಲ್ಲಿ ಸುಮಾರು ನೂರಕ್ಕೆ 3 ಭಾಗ ಬಿಸಿಯಾಗಿ ಹೋಗುತ್ತದೆ, ಅಂದರೆ 225 ವ್ಯಾಟ್. ಅದನ್ನು 3.1ರಿಂದ ಗುಣಿಸಿ. ಒಳಗೆ ಹೊರಗಿಗಿಂತ ಎಷ್ಟು ಡಿಗ್ರಿ ಜಾಸ್ತಿ ಆದರೂ ಪರವಾಗಿಲ್ಲವೋ, 10 ಅನ್ನಿ, ಅದರಿಂದ ಭಾಗಿಸಿ. ಗಂಟೆಗೆ 70 ಘನ ಮೀಟರ್ ಗಾಳಿ. ಫ್ಯಾನಿನ ಡಬ್ಬದ ಮೇಲಿನ ಲೆಕ್ಕ ಫಿಲ್ಟರ್ ಇಲ್ಲದೆ ಅಳೆದದ್ದು, ಹಾಗಾಗಿ ಎರಡರಷ್ಟು ಹಿಡಿಯಿರಿ, 140. ಅಂಗಡಿಯಲ್ಲಿ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋ ಲೆಕ್ಕ ಹೇಳುತ್ತಾರೆ. 1 ಸಿಎಫ್‌ಎಂ ಅಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಹಾಗಾದರೆ 82 ಸಿಎಫ್‌ಎಂ, ಅದಕ್ಕಿಂತ ಕಡಿಮೆ ತರಬೇಡಿ.

ಇನ್ನೊಂದು. ಹೊರಗೆ 40 ಡಿಗ್ರಿ ಇದ್ದರೆ ಯಾವ ಫ್ಯಾನೂ ಒಳಗೆ 35 ಮಾಡಲ್ಲ. ಮಿಲ್ಲಿನವರು ಇದನ್ನು ನಂಬೋದೇ ಇಲ್ಲ! ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ, ತಣ್ಣಗೆ ಮಾಡುವುದಿಲ್ಲ. ಭಟ್ಟಿ ಎದುರಿಗೆ ಇರುವ ಪ್ಯಾನಲ್ಲಿಗೆ ಫ್ಯಾನ್ ಹುಡುಕುವ ಮೊದಲು ಅದನ್ನು ಗೋಡೆಯ ಆಚೆ ಸಾಗಿಸಿ.

ಫಿಲ್ಟರ್ ಬಗ್ಗೆ ಹೇಳಲೇಬೇಕು. ಎಷ್ಟೋ ಕಡೆ ನಾನು ನೋಡುವ ಫಿಲ್ಟರ್ ಫಿಲ್ಟರಲ್ಲ, ತೌಡಿನ ರೊಟ್ಟಿ. ಕೆಳಗಿನ ಬಾಗಿಲು ಅಲ್ಲಿಗೇ ಮುಚ್ಚಿಹೋಯಿತು ಅಲ್ವಾ? ಸೀಸನ್ನಿನಲ್ಲಿ ವಾರಕ್ಕೊಮ್ಮೆ ಬಿಚ್ಚಿ ಕೊಡವಿ, ತೊಳೆದರೆ ಪೂರ್ತಿ ಒಣಗಿಸಿ ಹಾಕಿ.

ಇವತ್ತು ಸಂಜೆ ನಿಮ್ಮ ಪ್ಯಾನಲ್ ಹತ್ತಿರ ಹೋಗಿ, ಬಾಗಿಲು ತೆಗೆಯದೆ, ಒಂದು ತೆಳ್ಳನೆ ಕಾಗದದ ಚೂರು ಹಿಡಿಯಿರಿ. ಕೆಳಗಿನ ಫಿಲ್ಟರಿಗೆ ಅದು ಅಂಟಿಕೊಳ್ಳಬೇಕು, ಮೇಲಿನ ಜಾಲರಿಯಲ್ಲಿ ಪಟಪಟ ಹಾರಬೇಕು. ಎರಡೂ ಕಡೆ ಸುಮ್ನೆ ನೇತಾಡಿದರೆ ಫ್ಯಾನ್ ಅಂಗಡಿಗೆ ಹೋಗಬೇಡಿ, ಮೊದಲು ಫಿಲ್ಟರ್ ಬಿಚ್ಚಿ ನೋಡಿ. ನಮಸ್ಕಾರ.