ಹೊರಗೆ ಕಾಂಡ್ಲಾ, ಒಳಗೆ ಕಗ್ಗ

ಕೇಳುಗರಿಗೆ ನಮಸ್ಕಾರ.

ಮಗಳು ಅಳಿಯ ಕೆನ್ಯಾದ ಮೊಂಬಾಸಾದಲ್ಲಿದ್ದಾರೆ. ಶಾಲೆಯಿಂದ ನಿವೃತ್ತಳಾದ ವರ್ಷ ಅವರಲ್ಲಿಗೆ ಹೋದೆ. ಎರಡು ವಾರವಾಗುವಷ್ಟರಲ್ಲಿ ನನಗೆ ಕೆಲಸವಿಲ್ಲದೆ ಬೇಸರ, ಮೊಮ್ಮಗನಿಗೆ ನನ್ನ ವಿಜ್ಞಾನದ ಪಾಠ ಕೇಳಿ ಬೇಸರ. ಆಗ ಮಗಳು, "ಅಮ್ಮಾ, ಇಲ್ಲಿಂದ ದಕ್ಷಿಣಕ್ಕೆ 50-60 ಕಿಲೋಮೀಟರ್ ಹೋದರೆ ಗಾಜಿ ಎಂಬ ಊರು. ಅಲ್ಲಿ ಕಾಂಡ್ಲಾ, ಅದೇ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಬೆಳೆಸುತ್ತಾರೆ. ದುಡಿಯಲು ಬಂದವರನ್ನು ಬೇಡ ಎನ್ನುವುದಿಲ್ಲವಂತೆ" ಎಂದಳು. ಅವಳು ಗಾಜಿ ಎಂದರೆ ನನಗೆ ಕೇಳಿಸಿದ್ದು ಗಜನಿ, ನಮ್ಮ ಕಡೆಯ ಉಪ್ಪುನೀರಿನ ಗದ್ದೆ. ಉತ್ತರ ಕನ್ನಡದ ಅಘನಾಶಿನಿ ನದಿಯ ದಂಡೆಯಲ್ಲಿ ಹುಟ್ಟಿದ ಕಿವಿಗೆ ಬೇರೆ ಏನು ಕೇಳಿಸಬೇಕು?

ಸೀರೆಯನ್ನು ಮೊಣಕಾಲಿಗೆ ಕಟ್ಟಿ ಸಾವಿರ ಸಸಿ ನೆಟ್ಟು ಬರುತ್ತೇನೆ ಎಂದುಕೊಂಡು ಹೋದವಳು ನಾನು. ಮೂರು ವಾರದಲ್ಲಿ ನೆಟ್ಟದ್ದು ಎರಡೇ ಬೆಳಿಗ್ಗೆ. ಮಿಕ್ಕ ದಿನವೆಲ್ಲ ಇಳಿತಕ್ಕೆ ಕಾಯುವುದು, ಮರಗಳ ಸುತ್ತಳತೆ ಬರೆದುಕೊಳ್ಳುವುದು, ಹಿಂದೆ ಬಂದವರು ನೆಟ್ಟ ಸಾಲಿನಲ್ಲಿ ಸತ್ತವೆಷ್ಟು ಎಂದು ಎಣಿಸುವುದು. ನಮ್ಮ ಕಾರವಾರದ ಕಡಲಿನಲ್ಲಿ ಭರತ ಇಳಿತದ ನಡುವಿನ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಗಾಜಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಅದು ಮೂರು ಮೀಟರ್ ದಾಟುತ್ತದೆ. ನೀರು ಬಂದರೆ ಕೆಲಸ ಮುಗಿಯಿತು, ಗಡಿಯಾರವನ್ನು ಯಾರೂ ನೋಡುವುದಿಲ್ಲ.

ನೆಡುವುದೇನೋ ಸುಲಭ. ರೈಜೊಫೋರಾ ಎಂಬ ಜಾತಿಯ ಕಾಂಡ್ಲಾದ ಬೀಜ ಮರದಲ್ಲಿಯೇ ಮೊಳೆತು ನುಗ್ಗೆಕಾಯಿಯ ಹಾಗೆ ಜೋತು ಬೀಳುತ್ತದೆ. ಬಲಿತದ್ದನ್ನು ಆರಿಸಿ, ತಲೆ ಮೇಲಾಗಿ ಕೆಸರಿಗೆ ಚುಚ್ಚಿದರೆ ಆಯಿತು, ಎಂಟು ವರ್ಷದ ಹುಡುಗನೂ ಮಾಡಿಯಾನು. ಎಲ್ಲಿ ಚುಚ್ಚಬೇಕು ಎಂಬುದೇ ಕಷ್ಟ. ದಿನವಿಡೀ ನೀರಿನಲ್ಲಿ ಮುಳುಗಿರುವ ಜಾಗದಲ್ಲಿ ನೆಟ್ಟರೆ ಸಸಿ ಉಸಿರು ಕಟ್ಟಿ ಸಾಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಆದದ್ದು ಇದೇ. ಕಾಂಡ್ಲಾ ಸಹಜವಾಗಿ ಬೆಳೆಯುವ ಜಾಗಗಳು ಮೀನು ಸಿಗಡಿಯ ಹೊಂಡಗಳಾಗಿದ್ದವು. ಯಾರೂ ತಕರಾರು ಮಾಡದ ಜಾಗವೆಂದರೆ ಕಡಲಿನ ಕಡೆಯ ಬರಿಯ ಕೆಸರು, ಅಲ್ಲಿಯೇ ಲಕ್ಷಗಟ್ಟಲೆ ನೆಟ್ಟರು. ಅಲ್ಲಿನ ವಿಜ್ಞಾನಿ ಜುರ್ಗೆನ್ ಪ್ರಿಮವೇರಾ ಮತ್ತು ಅವರ ಸಹೋದ್ಯೋಗಿ 2008ರಲ್ಲಿ ಲೆಕ್ಕ ಹಾಕಿದಾಗ ಬಹುಕಾಲ ಬದುಕಿ ಉಳಿದದ್ದು ನೂರಕ್ಕೆ 10ರಿಂದ 20 ಮಾತ್ರ. ಫೋಟೊಗಳಲ್ಲಿ ಮಾತ್ರ ಎಲ್ಲವೂ ಹಸಿರಾಗಿಯೇ ಇದ್ದಿರಬೇಕು.

ವಿಮಾನ ಹತ್ತಿ ಗಿಡ ನೆಡಲು ಹೋಗುವವರನ್ನು ಕಂಡರೆ ಈಗ ನನಗೆ ಸ್ವಲ್ಪ ಅನುಮಾನ. ಆ ಟಿಕೆಟ್ಟಿನ ದುಡ್ಡಿನಲ್ಲಿ ಊರಿನ ನಾಲ್ಕು ಹೆಂಗಸರಿಗೆ ಎಷ್ಟು ತಿಂಗಳ ಕೂಲಿಯಾಗುತ್ತಿತ್ತೋ! ನಾನು ಹೋದದ್ದು ಮಗಳ ಮನೆಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಗಾಜಿಯವರಿಗೆ ಹೊರಗಿನವರ ಕೈ ಬೇಕಾಗಿಯೇ ಇರಲಿಲ್ಲ. 1970ರ ದಶಕದಲ್ಲಿ ಕಾರ್ಖಾನೆಗಳ ಉರುವಲಿಗೆಂದು ಅಲ್ಲಿನ ಕಾಡನ್ನು ಕಡಿದು ಬೋಳು ಮಾಡಿದ್ದರು. 1990ರ ದಶಕದಲ್ಲಿ ಕೆನ್ಯಾದ ಕಡಲ ಸಂಶೋಧನಾ ಸಂಸ್ಥೆಯವರು ಊರವರೊಡನೆ ಮತ್ತೆ ನೆಡತೊಡಗಿದರು. 2013ರಿಂದ 'ಮಿಕೋಕೋ ಪಮೋಜಾ' ಎಂಬ ಯೋಜನೆ ನಡೆಯುತ್ತಿದೆ. ಕಾಂಡ್ಲಾದ ಜೊತೆಗೆ ಎಲ್ಲರೂ ಎಂಬಂಥ ಅರ್ಥ. 117 ಹೆಕ್ಟೇರ್ ಕಾಡನ್ನು ಊರವರು ಕಾಯುತ್ತಾರೆ, ಅದು ಹಿಡಿದಿಡುವ ಇಂಗಾಲದ ಲೆಕ್ಕವನ್ನು ಕಾರ್ಬನ್ ಕ್ರೆಡಿಟ್ ಎಂದು ಹೊರದೇಶದವರಿಗೆ ಮಾರುತ್ತಾರೆ. ಬಂದ ಹಣದಲ್ಲಿ ಕುಡಿಯುವ ನೀರು, ಶಾಲೆಯ ಪುಸ್ತಕ. ಗಾಳಿಯನ್ನು ಮಾರಿ ನಲ್ಲಿ ಹಾಕಿಸಿಕೊಂಡವರು ಎಂದು ನಾನು ತಮಾಷೆ ಮಾಡುತ್ತಿದ್ದೆ. ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಕುಳಿತು ಮಾತಾಡಿ ನಿರ್ಧರಿಸುವವರು ಮಾತ್ರ ಊರವರೇ.

ಅಲ್ಲಿ ಒಂದು ಜಾತಿಯ ಗಿಡಕ್ಕೆ 'ಮ್ಕಂದಾ' ಎನ್ನುತ್ತಾರೆ. ನಮ್ಮ ಕಾಂಡ್ಲಾಕ್ಕೂ ಅದಕ್ಕೂ ನಂಟಿದೆಯೋ ಇಲ್ಲವೋ, ಕೇಳಿದಾಗ ಊರು ನೆನಪಾಯಿತು. ನನ್ನ ಜೊತೆ ಸಸಿ ಎಣಿಸುತ್ತಿದ್ದ ಅಜ್ಜಿಯೊಬ್ಬಳು, ಅದರ ತೊಗಟೆಯಿಂದ ಬಣ್ಣ ತೆಗೆಯುತ್ತಾರೆಂದು ಹೇಳಿ, ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಬಂದದ್ದು ಲ್ಯಾಟಿನ್ ಹೆಸರು. ಅವಳು ನಕ್ಕಳು.

ಊರಿಗೆ ಬಂದವಳೇ ಒಂದು ಹಾಳು ಬಿದ್ದ ಗಜನಿಗೆ ಹೋದೆ. ಕೇಳುಗರಲ್ಲಿ ಘಟ್ಟದ ಮೇಲಿನವರೂ ಇದ್ದೀರಿ, ಅವರಿಗಾಗಿ ಹೇಳುತ್ತೇನೆ. ಗಜನಿ ಎಂದರೆ ಉಪ್ಪುನೀರಿಗೆ ಕಟ್ಟೆ ಕಟ್ಟಿ ಮಾಡಿಕೊಂಡ ಗದ್ದೆ. ಮಳೆ ಬಂದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ನೆರೆಯಲ್ಲಿ ಮುಳುಗಿದರೂ ತಲೆಯೆತ್ತುವ ಭತ್ತ ಅದು. ಕೊಯ್ಲಾದ ಮೇಲೆ ತೂಬು ತೆರೆದರೆ ಮೀನು, ಸಿಗಡಿ. ಕಟ್ಟೆಯ ಹೊರಗಿನ ಕಾಂಡ್ಲಾ ಅಲೆಯ ಹೊಡೆತ ತಿಂದು ಮಣ್ಣು ಉಳಿಸುತ್ತದೆ. ಸಿಗಡಿಗೆ ಬೆಲೆ ಬಂದ ಕಾಲದಲ್ಲಿ ಕಗ್ಗವನ್ನು ಬಿಟ್ಟವರು ಬಹಳ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು, ಸಂತೋಷ. ಪಟ್ಟಿ ಸೇರಿತೆಂದು ಒಡೆದ ಕಟ್ಟೆ ಕೂಡಿಕೊಳ್ಳುವುದಿಲ್ಲ.

ಆ ಗಜನಿಯ ಕಟ್ಟೆ ಒಡೆದು ಎಷ್ಟೋ ವರ್ಷ. ಒಳಗೆ ಉಸಿರುಬೇರುಗಳು ಸೂಜಿ ನೆಟ್ಟ ಹಾಗೆ ಎದ್ದಿದ್ದವು, ಎಳೆಯ ಕಾಂಡ್ಲಾ ಸೊಂಟದೆತ್ತರ ಬೆಳೆದಿತ್ತು. ಯಾರೂ ನೆಟ್ಟದ್ದಲ್ಲ. ನೀರಿಗೆ ದಾರಿ ಸಿಕ್ಕಿತು, ಬೀಜ ತೇಲಿ ಬಂತು. ನನಗೆ ಹಿಗ್ಗೋ ಹಿಗ್ಗು. ಗದ್ದೆಯ ಯಜಮಾನರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಗಾಜಿಯ ಕಥೆಯನ್ನೆಲ್ಲ ಹೇಳಿದೆ, ಕೊನೆಯವರೆಗೂ ಸಮಾಧಾನದಿಂದ ಕೇಳಿದರು.

"ಅಕ್ಕೋರೆ, ಕಾಂಡ್ಲಾ ಬೇಡವೆಂದು ನಾನು ಹೇಳುವುದಿಲ್ಲ. ಅದು ಕಟ್ಟೆಯ ಹೊರಗೆ ಇರಲಿ. ಒಳಗೆ ನನಗೆ ಕಗ್ಗ ಬೇಕು" ಎಂದರು.

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಾಗಾದರೆ ಹೊರಗೆ ಎಷ್ಟು ಅಗಲ ಬಿಡುತ್ತೀರಿ ಎಂದು ಕೇಳಿದೆ. ಅವರು ಪಂಚೆ ಎತ್ತಿ ಕಟ್ಟಿ ಕಟ್ಟೆಯಿಂದ ಇಳಿದು, ನದಿಯ ಕಡೆಗೆ ಹೆಜ್ಜೆ ಎಣಿಸುತ್ತ ನಡೆದರು. ಭರತ ಏರುತ್ತಿತ್ತು. ಹನ್ನೊಂದನೆಯ ಹೆಜ್ಜೆಗೆ ನೀರು ಮೊಣಕಾಲು ದಾಟಿತು. ಅಲ್ಲಿಂದಲೇ ತಿರುಗಿ, "ಉಳಿದದ್ದನ್ನು ನಾಳೆ ಇಳಿತಕ್ಕೆ ಅಳೆಯೋಣ, ಬೆಳಿಗ್ಗೆ ಬೇಗ ಬನ್ನಿ" ಎಂದರು.